ಕ್ರೇನ್ ರಿಮೋಟ್ ಬ್ಯಾಟರಿ ಕೈ ಕೊಟ್ಟಿದೆಯಾ? ಹೊಸದು ತರಿಸುವ ಮೊದಲು ಇಷ್ಟು ನೋಡಿ

ಅಂತರಸನಹಳ್ಳಿ, ಹಿರೇಹಳ್ಳಿ, ವಸಂತನರಸಾಪುರ, ತುಮಕೂರಿನ ಯಾವ ಇಂಡಸ್ಟ್ರಿಯಲ್ ಏರಿಯಾಗೆ ಬೇಕಾದರೂ ಹೋಗಿ. ಇಒಟಿ ಕ್ರೇನ್ (ಶೆಡ್‌ನ ಮೇಲ್ಭಾಗದ ಹಳಿ ಮೇಲೆ ಕರೆಂಟಿನಲ್ಲಿ ಓಡುವ ಕ್ರೇನ್) ಇರುವ ಶೆಡ್ ಒಳಗೆ ಕಾಲಿಟ್ಟರೆ ಎಲ್ಲೋ ಒಂದು ಕಡೆ ರೇಡಿಯೋ ರಿಮೋಟ್ ಬೆನ್ನಿಗೆ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿರುವುದು ಕಂಡೇ ಕಾಣುತ್ತದೆ. ಬ್ಯಾಟರಿ ಬೀಳಬಾರದು ಅಂತ ಸುತ್ತಿದ್ದು. ಆ ಟೇಪ್ ನೋಡಿದರೇ ಅರ್ಧ ರೋಗ ಗೊತ್ತಾಗುತ್ತದೆ: ಲಾಕ್ ಮುರಿದಿದೆ, ಬ್ಯಾಟರಿ ಒಳಗೆ ಅಲ್ಲಾಡುತ್ತಿದೆ, ಕಾಂಟ್ಯಾಕ್ಟ್ ಸರಿಯಾಗಿ ಕೂರುತ್ತಿಲ್ಲ. ಆದರೆ ಸ್ಟೋರ್‌ಗೆ ಹೋಗುವ ಇಂಡೆಂಟ್‌ನಲ್ಲಿ ಮಾತ್ರ "ಬ್ಯಾಟರಿ ಹೋಗಿದೆ, ಹೊಸದು ಬೇಕು" ಅಂತಲೇ ಬರೆದಿರುತ್ತಾರೆ.

ಹೊಸದು ಬರುತ್ತದೆ. ಸ್ವಲ್ಪ ದಿನ ಚೆನ್ನಾಗಿರುತ್ತದೆ. ಆಮೇಲೆ ಮತ್ತೆ ಅದೇ ಹಾಡು.

ಅನುಮಾನ ಪಡಬೇಕಾದ್ದು ನಾಲ್ಕರ ಮೇಲೆ: ಬ್ಯಾಟರಿ, ಕಾಂಟ್ಯಾಕ್ಟ್, ಚಾರ್ಜರ್, ರಿಮೋಟ್. ಬ್ಯಾಟರಿಗೇ ಮೊದಲು ಬೈಗುಳ ಬೀಳುವುದು ಯಾಕೆ ಅಂದರೆ ಕೈಯಲ್ಲಿ ಬಿಚ್ಚೋಕೆ ಬರುವುದು ಅದೊಂದೇ. ಈ ನಾಲ್ಕರಲ್ಲಿ ತಪ್ಪು ಯಾರದು ಅಂತ ತಿಳಿಯೋಕೆ ದೊಡ್ಡ ವಿದ್ಯೆ ಬೇಕಿಲ್ಲ. ಒಂದು ಮಲ್ಟಿಮೀಟರ್, ಎರಡು ಬ್ಯಾಟರಿ, ಸ್ವಲ್ಪ ಹತ್ತಿ, ಐಸೊಪ್ರೊಪೈಲ್ ಆಲ್ಕೋಹಾಲ್, ಒಂದು ಪರ್ಮನೆಂಟ್ ಮಾರ್ಕರ್ ಇದ್ದರೆ ಸಾಕು. ಮಾರ್ಕರ್ ಯಾಕೆ? ಬ್ಯಾಟರಿಗಳ ಮೇಲೆ 1, 2 ಅಂತ ನಂಬರು, ತಂದ ತಾರೀಖು ಬರೆಯೋಕೆ. ಎರಡೂ ನೋಡೋಕೆ ಒಂದೇ ಥರ ಇರುತ್ತವೆ. ನಂಬರು ಇಲ್ಲದಿದ್ದರೆ ಯಾವುದು ಕೆಟ್ಟದ್ದು, ಯಾವುದು ಒಳ್ಳೆಯದು ಅಂತ ಯಾವ ಜನ್ಮದಲ್ಲೂ ಗೊತ್ತಾಗಲ್ಲ.

## ಕೈ ಹಾಕುವ ಮೊದಲು

ಹುಕ್‌ನಲ್ಲಿ ಲೋಡ್ ಇದ್ದರೆ ಮೊದಲು ಕೆಳಗಿಳಿಸಿ. ರಿಮೋಟ್ ಸತ್ತೇ ಹೋಗಿದೆ, ಇಳಿಸೋಕೆ ಆಗುತ್ತಿಲ್ಲ ಅಂದರೆ ಕೆಳಗೆ ಯಾರೂ ಓಡಾಡದ ಹಾಗೆ ಜಾಗ ಕಟ್ಟಿ, ಆಮೇಲೆ ಚಾರ್ಜ್ ಆದ ಇನ್ನೊಂದು ಬ್ಯಾಟರಿ ಹಾಕಿ ಅಥವಾ ಪೆಂಡೆಂಟ್‌ಗೆ (ಕ್ರೇನ್‌ನಿಂದ ವೈರ್‌ನಲ್ಲಿ ತೂಗುವ ಬಟನ್ ಪೆಟ್ಟಿಗೆ) ಬದಲಾಯಿಸಿ ಇಳಿಸಿ. ರಿಮೋಟ್ ಸಿಗ್ನಲ್ ನಿಂತರೆ ಕ್ರೇನ್ ಮೇಲಿನ ರಿಸೀವರ್ ತಾನೇ ಮೇನ್ ಕಾಂಟ್ಯಾಕ್ಟರ್ (ಕ್ರೇನ್‌ಗೆ ಕರೆಂಟ್ ಕೊಡುವ ದೊಡ್ಡ ಸ್ವಿಚ್) ಬೀಳಿಸುತ್ತದೆ, ಲೋಡನ್ನು ಬ್ರೇಕ್ ಹಿಡಿದುಕೊಳ್ಳುತ್ತದೆ. ವ್ಯವಸ್ಥೆ ಇರುವುದೇ ಹಾಗೆ. ಹಾಗಂತ ತೂಗುತ್ತಿರುವ ಲೋಡ್ ಕೆಳಗೆ ನಿಂತು ಬ್ಯಾಟರಿ ಬಿಚ್ಚೋದು ಬೇಡ.

ಪರೀಕ್ಷೆ ಮಾಡುವಾಗ ಕ್ರೇನ್‌ನ ಮೇನ್ ಐಸೊಲೇಟರ್ (ಕರೆಂಟ್ ಪೂರ್ತಿ ಕಡಿಯುವ ಸ್ವಿಚ್) ಆಫ್ ಮಾಡಿ ಬೀಗ ಹಾಕಿ. ರಿಮೋಟ್ ಮಾತ್ರ ಆನ್ ಇರಲಿ. ಆಗ ಬಟನ್ ಒತ್ತಿದರೂ, ಜಾಯ್‌ಸ್ಟಿಕ್ ಅಲ್ಲಾಡಿಸಿದರೂ ಮೇಲೆ ಏನೂ ಕದಲಲ್ಲ.

ಪೇಂಟ್ ಬೂತ್, ಸಾಲ್ವೆಂಟ್ ಇರುವ ಕಡೆಗೆ ಅಂತಲೇ ಬರುವ ಸ್ಫೋಟ ನಿರೋಧಕ ರಿಮೋಟ್ ನಿಮ್ಮದಾಗಿದ್ದರೆ ಇಲ್ಲಿಗೇ ನಿಲ್ಲಿಸಿ. ಅದರ ಬ್ಯಾಟರಿ ಬಿಚ್ಚೋದು, ಬೇರೆ ಕಂಪನಿಯದು ಹಾಕೋದು ಎರಡೂ ತಯಾರಕರನ್ನು ಕೇಳದೆ ಮಾಡುವ ಕೆಲಸ ಅಲ್ಲ.

## ರಿಮೋಟ್ ಆನ್ ಆಗುವುದೇ ಇಲ್ಲ

ಕಾಸು ಖರ್ಚಿಲ್ಲದ್ದನ್ನು ಮೊದಲು ನೋಡೋಣ. ಕೆಂಪು ಎಮರ್ಜೆನ್ಸಿ ಬಟನ್ ಒತ್ತಿಕೊಂಡೇ ಇದೆಯಾ? ತಿರುಗಿಸಿ ಮೇಲೆ ಬಿಡಿ. ಕೀ ಪೂರ್ತಿ ತಿರುಗಿದೆಯಾ? ಜಾಯ್‌ಸ್ಟಿಕ್ ಇರುವ ರಿಮೋಟ್ ಆದರೆ ಎಲ್ಲ ಲಿವರ್ ಮಧ್ಯದಲ್ಲಿ ಇವೆಯಾ? ಒಂದು ಲಿವರ್ ಸ್ವಲ್ಪ ವಾಲಿದ್ದರೂ ಎಷ್ಟೋ ರಿಮೋಟ್‌ಗಳು ಬೇಕಂತಲೇ ಸ್ಟಾರ್ಟ್ ಆಗಲ್ಲ. ಬ್ಯಾಟರಿ ಹಾಕಿದ ಕೂಡಲೇ ಕ್ರೇನ್ ತಾನೇ ಓಡಬಾರದಲ್ವಾ, ಅದಕ್ಕೆ. ರಬ್ಬರ್ ಬೂಟ್ ಒಳಗೆ ಮಣ್ಣು ಸೇರಿ ಲಿವರ್ ಸಿಕ್ಕಿಕೊಂಡಿರುವುದನ್ನು ಬ್ಯಾಟರಿ ದೋಷ ಅಂದುಕೊಳ್ಳುವುದು ಬಹಳ ಮಾಮೂಲು. ಸ್ವಲ್ಪ ಹೊತ್ತು ಮುಟ್ಟದಿದ್ದರೆ ತಾನೇ ಆಫ್ ಆಗುವ ರಿಮೋಟ್‌ಗಳೂ ಇವೆ. ಟೀ ಕುಡಿದು ಬರುವಷ್ಟರಲ್ಲಿ ಆಫ್ ಆಗಿದ್ದರೆ ಅದು ದೋಷ ಅಲ್ಲ, ಮತ್ತೆ ಸ್ಟಾರ್ಟ್ ಒತ್ತಿದರೆ ಆಯಿತು.

ಇದೆಲ್ಲ ಸರಿ ಇದ್ದರೆ ಬ್ಯಾಟರಿ ತೆಗೆದು ಕಾಂಟ್ಯಾಕ್ಟ್ ನೋಡಿ. ಬ್ಯಾಟರಿ ಮೇಲಿನ ಲೋಹದ ಪಟ್ಟಿಗಳು, ರಿಮೋಟ್ ಒಳಗಿನ ಸ್ಪ್ರಿಂಗ್ ಪಿನ್‌ಗಳು, ಎರಡನ್ನೂ. ಪಿನ್ ಬೆರಳಲ್ಲಿ ಒತ್ತಿದರೆ ಒಳಗೆ ಹೋಗಿ ಪಟ್ ಅಂತ ವಾಪಸ್ ಬರಬೇಕು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಗ್ರಾನೈಟ್ ಕಟಿಂಗ್ ಯೂನಿಟ್‌ಗಳಲ್ಲಿ ಕಲ್ಲಿನ ಪುಡಿ ಬೆರೆತ ನೀರು ಒಣಗಿ ಈ ಪಿನ್ ಮೇಲೆ ಬೂದು ಬಣ್ಣದ ಪದರ ಕಟ್ಟಿರುತ್ತದೆ. ಉಗುರಲ್ಲಿ ಕೆರೆದರೆ ಸಿಮೆಂಟ್ ಕೆರೆದ ಹಾಗೆ ಉದುರುತ್ತದೆ. ಅದರ ಮೂಲಕ ಕರೆಂಟ್ ಹರಿಯಲ್ಲ. ಇನ್ನೊಂದು ವರ್ಷಕ್ಕೊಮ್ಮೆ ಬರುವ ಸಮಸ್ಯೆ ಆಯುಧ ಪೂಜೆಯದು. ಕ್ರೇನ್‌ಗೆ, ಪ್ಯಾನೆಲ್‌ಗೆ ಹಚ್ಚಿದ ಹಾಗೇ ರಿಮೋಟ್‌ಗೂ ಅರಿಶಿನ ಕುಂಕುಮ ಹಚ್ಚುತ್ತಾರೆ, ಹಚ್ಚಲಿ. ಆದರೆ ಚಾರ್ಜರ್ ಪಕ್ಕ ಇಟ್ಟ ಬ್ಯಾಟರಿಗೂ ಒಂದು ಬೊಟ್ಟು ಬೀಳುತ್ತದೆ, ಅದೂ ಸರಿಯಾಗಿ ಪಟ್ಟಿಯ ಮೇಲೇ. ರಜೆ ಮುಗಿಸಿ ಬಂದ ಮೇಲೆ ರಿಮೋಟ್ ಆನ್ ಆಗಲ್ಲ.

ಹತ್ತಿಗೆ ಆಲ್ಕೋಹಾಲ್ ಹಾಕಿ ಒರೆಸಿ. ಹಸಿರೋ ಬಿಳಿಯೋ ಕಿಲುಬು ಇದ್ದರೆ ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ. ಎಮರಿ ಪೇಪರ್ ಬೇಡ, ಮೇಲಿನ ಲೇಪ ಹೋದರೆ ಕಿಲುಬು ಇನ್ನೂ ಜೋರಾಗಿ ಹಿಡಿಯುತ್ತದೆ. ಥಿನ್ನರ್ ಬೇಡವೇ ಬೇಡ, ಪ್ಲಾಸ್ಟಿಕ್ ಕರಗುತ್ತದೆ. ಎಣ್ಣೆ ಸ್ಪ್ರೇ ಹೊಡೆದರೆ ಆ ದಿನ ಸರಿ ಹೋದ ಹಾಗೆ ಅನ್ನಿಸುತ್ತದೆ, ಆಮೇಲೆ ಆ ಎಣ್ಣೆಗೇ ಧೂಳು ಅಂಟುತ್ತದೆ.

ಈಗ ಮೀಟರ್ ಹಿಡಿಯಿರಿ. ಪ್ಯಾಕ್ ಮೇಲೆ ಬರೆದ ವೋಲ್ಟೇಜ್ ಓದಿ. ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಒಂದಕ್ಕೆ 1.2 ವೋಲ್ಟ್. ಹಾಗಾಗಿ 3.6 ವೋಲ್ಟ್ ಅಂದರೆ ಒಳಗೆ 3 ಸೆಲ್, 4.8 ಅಂದರೆ 4, 6 ಅಂದರೆ 5, 7.2 ಅಂದರೆ 6. ಚಾರ್ಜರ್‌ನಿಂದ ತೆಗೆದ ಕೂಡಲೇ ಸೆಲ್‌ಗೆ 1.4ರ ಆಸುಪಾಸು ಇರುತ್ತದೆ, ಒಂದೆರಡು ಗಂಟೆ ಬಿಟ್ಟರೆ 1.3 ಚಿಲ್ಲರೆಗೆ ಇಳಿಯುತ್ತದೆ, 1.0ಕ್ಕೆ ಬಂದರೆ ಖಾಲಿ ಅಂತ ಲೆಕ್ಕ. 6 ವೋಲ್ಟ್ ಪ್ಯಾಕ್ ಅಂದರೆ ಫುಲ್ ಆದಾಗ 7ರ ಹತ್ತಿರ, ಸ್ವಲ್ಪ ತಣಿದ ಮೇಲೆ 6.6, ಖಾಲಿ ಆದಾಗ 5.

ಫುಲ್ ಚಾರ್ಜ್ ಮಾಡಿ ತಣಿಸಿದ 6 ವೋಲ್ಟ್ ಪ್ಯಾಕ್ 5.4 ತೋರಿಸುತ್ತಿದೆ ಅಂದುಕೊಳ್ಳಿ. ಇರಬೇಕಾದ 6.6ಕ್ಕಿಂತ 1.2 ಕಮ್ಮಿ, ಅಂದರೆ ಒಂದು ಸೆಲ್‌ನಷ್ಟು. ಒಂದು ಸೆಲ್ ಒಳಗೇ ಶಾರ್ಟ್ ಆಗಿದೆ ಅಂತ ಅರ್ಥ. ಉಳಿದ ನಾಲ್ಕು ಚೆನ್ನಾಗಿದ್ದರೂ ಆ ಪ್ಯಾಕ್ ಮುಗಿಯಿತು. ಮೀಟರ್ ಸೊನ್ನೆ ತೋರಿಸಿದರೆ ಒಳಗಿನ ಫ್ಯೂಸ್ ಅಥವಾ ಸೆಲ್ ಜೋಡಿಸಿದ ಪಟ್ಟಿ ಬಿಟ್ಟಿರಬಹುದು, ಕೈಯಿಂದ ಜಾರಿ ಕೆಳಗೆ ಬಿದ್ದ ಬ್ಯಾಟರಿಗೆ ಹೀಗೆ ಆಗುತ್ತದೆ. ಲಿಥಿಯಂ ಪ್ಯಾಕ್ ಆದರೆ ಒಳಗಿನ ರಕ್ಷಣಾ ಸರ್ಕ್ಯೂಟ್ ಕಡಿದುಕೊಂಡಿರಬಹುದು. ಅದನ್ನು ಅದರದೇ ಚಾರ್ಜರ್‌ಗೆ ಹಾಕಿ ನೋಡಿ, ಎದ್ದರೆ ಎದ್ದಿತು. ಎದ್ದಿಲ್ಲ ಅಂದರೆ ಬೇರೆ ಕಡೆಯಿಂದ ವೈರ್ ಎಳೆದು ಎಬ್ಬಿಸುವ ಸಾಹಸ ಬೇಡ. ಪೂರ್ತಿ ಖಾಲಿಯಾಗಿ ಬಹಳ ದಿನ ಬಿದ್ದಿದ್ದ ಲಿಥಿಯಂ ಸೆಲ್‌ಗೆ ಬಲವಂತವಾಗಿ ಚಾರ್ಜ್ ತುಂಬಿದರೆ ಬೆಂಕಿ ಹೊತ್ತಿಕೊಳ್ಳಬಹುದು.

## ಬೆಳಿಗ್ಗೆ ಫುಲ್, ಮಧ್ಯಾಹ್ನಕ್ಕೆ ಖಾಲಿ

ಜಾಸ್ತಿ ಕೇಳಿ ಬರುವ ದೂರು ಇದೇ. ಇದಕ್ಕೆ ಕಾರಣಗಳೂ ಜಾಸ್ತಿ.

ಮೊದಲ ಪ್ರಶ್ನೆ: ಅದು ನಿಜವಾಗಿ ಬೆಳಿಗ್ಗೆ ಫುಲ್ ಆಗಿತ್ತಾ? ಚಾರ್ಜರ್ ಯಾವ ಸಾಕೆಟ್‌ನಲ್ಲಿದೆ ನೋಡಿ. ಎಷ್ಟೋ ಶೆಡ್‌ಗಳಲ್ಲಿ ಆ ಸಾಕೆಟ್ ಲೈಟಿಂಗ್ ಲೈನ್‌ನಲ್ಲಿ ಇರುತ್ತದೆ. ರಾತ್ರಿ ಕೆಲಸ ಮುಗಿದ ಮೇಲೆ ವಾಚ್‌ಮನ್ ಒಳ್ಳೆಯ ಮನಸ್ಸಿನಿಂದಲೇ ಡಿಬಿ (ಕರೆಂಟ್ ಹಂಚುವ ಸ್ವಿಚ್ ಪೆಟ್ಟಿಗೆ) ಆಫ್ ಮಾಡುತ್ತಾರೆ, ಬೆಳಿಗ್ಗೆ ಬಂದು ಆನ್ ಮಾಡುತ್ತಾರೆ, ಆಪರೇಟರ್ ಬಂದಾಗ ಚಾರ್ಜರ್ ಲೈಟ್ ಉರಿಯುತ್ತಿರುತ್ತದೆ. ರಾತ್ರಿಯೆಲ್ಲ ಚಾರ್ಜ್ ಆಗಿದೆ ಅಂತ ನಂಬಿ ತೆಗೆದುಕೊಂಡು ಹೋಗುತ್ತಾರೆ. ಒಂದು ರಾತ್ರಿ ಚಾರ್ಜರ್‌ಗೆ ಬೇರೆ ಸಾಕೆಟ್ ಕೊಟ್ಟು ನೋಡಿ. ಹೊಸ ಬ್ಯಾಟರಿ ಆರ್ಡರ್ ಮಾಡುವುದಕ್ಕಿಂತ ಇದು ಅಗ್ಗ.

ಚಾರ್ಜ್ ಆಗೋಕೆ ಎಷ್ಟು ಹೊತ್ತು ಬೇಕು ಅನ್ನುವ ಲೆಕ್ಕವನ್ನೂ ಒಮ್ಮೆ ಹಾಕಿ. ಚಾರ್ಜರ್ ಮೇಲೆ ಅದರ ಔಟ್‌ಪುಟ್ ಬರೆದಿರುತ್ತದೆ. 2000 ಎಂಎಎಚ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಬ್ಯಾಟರಿಗೆ 200 ಮಿಲಿಆಂಪ್ ಚಾರ್ಜರ್ ಆದರೆ ನಿಕಲ್ ಸೆಲ್ 14ರಿಂದ 16 ಗಂಟೆ ಕೇಳುತ್ತದೆ, 10 ಗಂಟೆ ಸಾಲದು, ಯಾಕೆಂದರೆ ಕೊಟ್ಟದ್ದರಲ್ಲಿ ಒಂದು ಪಾಲು ಬಿಸಿಯಾಗಿ ಹೋಗುತ್ತದೆ. ಎರಡು ಶಿಫ್ಟ್ ನಡೆಯುವ ಕಡೆ ಇಂಥ ಚಾರ್ಜರ್ ಇದ್ದು ಎರಡೇ ಬ್ಯಾಟರಿ ಇದ್ದರೆ ಯಾವುದೂ ಯಾವತ್ತೂ ಫುಲ್ ಆಗಲ್ಲ. ಬ್ಯಾಟರಿ ಪಾಪ ಏನು ಮಾಡುತ್ತದೆ?

ಇನ್ನು ಬಿಸಿ. ಮಾರ್ಚ್, ಏಪ್ರಿಲ್‌ನಲ್ಲಿ ತಗಡಿನ ಶೀಟ್ ಕೆಳಗಿನ ಕ್ಯಾಬಿನ್‌ನಲ್ಲಿ, ಕಂಪ್ರೆಸರ್ ಪಕ್ಕ, ಫರ್ನೇಸ್ ಗೋಡೆಗೆ ಒರಗಿಸಿ ಚಾರ್ಜರ್ ಇಟ್ಟಿರುತ್ತಾರೆ. ನಿಕಲ್ ಆಗಲಿ ಲಿಥಿಯಂ ಆಗಲಿ, ಚಾರ್ಜ್ ಮಾಡೋಕೆ ಸಾಮಾನ್ಯವಾಗಿ ಹೇಳುವ ಮಿತಿ 45 ಡಿಗ್ರಿ ಸೆಲ್ಸಿಯಸ್. ಅದಕ್ಕೆ ಹತ್ತಿರ ಬಂದ ಹಾಗೆ ನಿಕಲ್ ಸೆಲ್ ಚಾರ್ಜ್ ಹಿಡಿಯುವುದು ಕಮ್ಮಿ ಆಗುತ್ತದೆ, ಆಯುಸ್ಸೂ ಕರಗುತ್ತದೆ. ಒಳ್ಳೆಯ ಚಾರ್ಜರ್ ಆದರೆ ಬಿಸಿ ಗೊತ್ತಾಗಿ ಅರ್ಧಕ್ಕೇ ನಿಲ್ಲಿಸುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಮಾತ್ರ ಬರುವ ದೂರಾದರೆ ಮೊದಲು ಚಾರ್ಜರ್‌ನ ಜಾಗ ಬದಲಿಸಿ. ಆಫೀಸ್ ರೂಮ್‌ನಲ್ಲಿ ಇಡಿ. ಮಧ್ಯಾಹ್ನ ಬಿಸಿಲಲ್ಲಿ ಯಾರ್ಡ್‌ನಿಂದ ತಂದ ಬ್ಯಾಟರಿಯನ್ನು ಅರ್ಧ ಗಂಟೆ ನೆರಳಲ್ಲಿ ತಣಿಸಿ ಆಮೇಲೆ ಚಾರ್ಜ್‌ಗೆ ಹಾಕಿ.

ಮೂರನೆಯದು ಅಭ್ಯಾಸದ ಮಾತು. "ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಮಾಡಬೇಕು, ಇಲ್ಲದಿದ್ದರೆ ಮೆಮೊರಿ ಬರುತ್ತದೆ" ಅಂತ ಹಳಬರು ಹೇಳುತ್ತಾರೆ. ನಿಕಲ್ ಕ್ಯಾಡ್ಮಿಯಂ ಕಾಲದ ಮಾತು ಅದು. ಈಗಿನ ನಿಕಲ್ ಮೆಟಲ್ ಹೈಡ್ರೈಡ್‌ಗೆ ಆ ಕಾಟ ಬಹಳ ಕಮ್ಮಿ, ಲಿಥಿಯಂಗೆ ಖಾಲಿ ಮಾಡುವುದೇ ಕೆಟ್ಟದ್ದು. ನನ್ನ ಪ್ರಕಾರ ಬ್ಯಾಟರಿಗಳನ್ನು ಜಾಸ್ತಿ ಕೊಲ್ಲುತ್ತಿರುವುದು ಇದರ ಉಲ್ಟಾ ಅಭ್ಯಾಸ: ಟೀ ಟೈಮ್‌ಗೆ ಒಮ್ಮೆ, ಊಟಕ್ಕೆ ಒಮ್ಮೆ, ಸುಮ್ನೆ ಹೋಗಿ ಚಾರ್ಜರ್‌ಗೆ ತುರುಕೋದು. ಅಗ್ಗದ ಚಾರ್ಜರ್‌ಗಳು ಬರೀ ಟೈಮರ್ ಮೇಲೆ ಓಡುತ್ತವೆ. ಬ್ಯಾಟರಿ ಹಾಕಿದ ಕ್ಷಣದಿಂದ ಗಂಟೆ ಎಣಿಸುತ್ತವೆ, ಮುಕ್ಕಾಲು ತುಂಬಿದ್ದೋ ಖಾಲಿಯೋ ಅವಕ್ಕೆ ಗೊತ್ತಿಲ್ಲ. ಕರೆಂಟ್ ಹೋಗಿ ಬಂದರೂ ಮತ್ತೆ ಒಂದರಿಂದ ಎಣಿಕೆ. ನಮ್ಮ ಕಡೆ ಕರೆಂಟ್ ದಿನಕ್ಕೆ ಎಷ್ಟು ಸಲ ಹೋಗಿ ಬರುತ್ತದೆ ಅಂತ ನಿಮಗೇ ಗೊತ್ತು. ತುಂಬಿದ ಸೆಲ್‌ಗೆ ಮತ್ತೆ ಮತ್ತೆ ತುಂಬಿ, ಅದು ಬಿಸಿಯಾಗಿ, ಒಳಗೆ ಒತ್ತಡ ಏರಿ, ಸೀಲ್ ಮೂಲಕ ಗ್ಯಾಸ್ ಬಿಟ್ಟು ಒಣಗುತ್ತದೆ. ಲೋ ಬ್ಯಾಟರಿ ಸೂಚನೆ ಬಂದಾಗ ತೆಗೆಯಿರಿ, ಚಾರ್ಜ್ ಆದದ್ದನ್ನು ಹಾಕಿ, ಅಷ್ಟೇ ಸಾಕು.

ಇಷ್ಟೂ ಸರಿ ಮಾಡಿದ ಮೇಲೂ ಮಧ್ಯಾಹ್ನಕ್ಕೇ ಖಾಲಿ ಆಗುತ್ತಿದೆಯಾ? ಆಗ ಬ್ಯಾಟರಿಯಲ್ಲಿ ಎಷ್ಟು ದಮ್ ಉಳಿದಿದೆ ಅಂತ ಅಳೆಯಬೇಕು. ಬರೀ ವೋಲ್ಟೇಜ್ ನೋಡಿ ಇದು ಗೊತ್ತಾಗಲ್ಲ. ಮುದಿ ಬ್ಯಾಟರಿಯೂ ಚಾರ್ಜರ್‌ನಿಂದ ತೆಗೆದಾಗ ಚೆಂದದ ನಂಬರನ್ನೇ ತೋರಿಸುತ್ತದೆ. ಅದರಿಂದ ಕರೆಂಟ್ ಎಳೆದಾಗ ಬಣ್ಣ ಬಯಲಾಗುತ್ತದೆ.

6 ವೋಲ್ಟ್, 2000 ಎಂಎಎಚ್ ನಿಕಲ್ ಪ್ಯಾಕ್ ಉದಾಹರಣೆಗೆ ತೆಗೆದುಕೊಳ್ಳಿ. 15 ಓಮ್, 10 ವ್ಯಾಟ್‌ನ ಬಿಳಿ ಸಿಮೆಂಟ್ ರೆಸಿಸ್ಟರ್ ಒಂದು ತನ್ನಿ. ಫುಲ್ ಚಾರ್ಜ್ ಮಾಡಿ ಒಂದು ಗಂಟೆ ತಣಿಸಿದ ಪ್ಯಾಕ್‌ಗೆ ಅದನ್ನು ಪ್ಲಸ್, ಮೈನಸ್ ನಡುವೆ ಹಾಕಿ. 0.4 ಆಂಪ್ ಹರಿಯುತ್ತದೆ. ರೆಸಿಸ್ಟರ್ ಬಿಸಿ ಆಗುತ್ತದೆ, ಮರದ ಟೇಬಲ್ ಮೇಲೋ ಪೇಪರ್ ಮೇಲೋ ಇಡಬೇಡಿ, ಟೈಲ್ ಮೇಲೆ ಇಡಿ. ಮೀಟರ್ ಹಾಕಿಕೊಂಡು ಕಾಲು ಗಂಟೆಗೊಮ್ಮೆ ವೋಲ್ಟೇಜ್ ಬರೆಯುತ್ತಾ ಹೋಗಿ. 5.0ಕ್ಕೆ ಬಂದಾಗ ಬಿಚ್ಚಿ, ಅದಕ್ಕಿಂತ ಕೆಳಗೆ ಎಳೆಯಬೇಡಿ. ಬಿಟ್ಟು ಹೋಗಿ ಮರೆತುಬಿಡುವ ಕೆಲಸ ಅಲ್ಲ ಇದು. ಹೊಸ ಪ್ಯಾಕ್ ಆದರೆ ಐದು ಗಂಟೆಯ ಹತ್ತಿರ ಓಡಬೇಕು. ನಾಲ್ಕು ಗಂಟೆ ಓಡಿದರೂ ಪರವಾಗಿಲ್ಲ. ಮೂರು ಗಂಟೆ ದಾಟಲಿಲ್ಲ ಅಂದರೆ ಅದರ ಕಾಲ ಮುಗಿಯಿತು. ಹಾಕಿದ ಕೂಡಲೇ ವೋಲ್ಟೇಜ್ ದಬಕ್ಕನೆ 5.3ಕ್ಕೋ 5.2ಕ್ಕೋ ಬಿದ್ದರೆ ಸೆಲ್ ಒಳಗಿನ ರೆಸಿಸ್ಟೆನ್ಸ್ ಏರಿದೆ, ಅದೂ ಬದಲಾಯಿಸಬೇಕಾದ್ದೇ. ಬೇರೆ ವೋಲ್ಟೇಜ್ ಪ್ಯಾಕ್ ಆದರೆ ಎಂಎಎಚ್‌ನ ಐದನೇ ಒಂದು ಭಾಗದಷ್ಟು ಕರೆಂಟ್ ಬರುವ ಹಾಗೆ ರೆಸಿಸ್ಟರ್ ಆರಿಸಿ, ಸೆಲ್‌ಗೆ 1.0 ವೋಲ್ಟ್‌ನಲ್ಲಿ ನಿಲ್ಲಿಸಿ. ಲಿಥಿಯಂ ಪ್ಯಾಕ್‌ಗೆ ಈ ಪ್ರಯೋಗ ಮನೆಮದ್ದಿನ ಥರ ಮಾಡಬೇಡಿ.

ಚಾರ್ಜ್ ಮಾಡಿ ಎರಡು ವಾರ ಕಪಾಟಿನಲ್ಲಿ ಇಟ್ಟದ್ದು ಸ್ವಲ್ಪ ಇಳಿದಿದೆ ಅನ್ನುವುದು ಬೇರೆ ವಿಷಯ. ಮಾಮೂಲಿ ನಿಕಲ್ ಮೆಟಲ್ ಹೈಡ್ರೈಡ್ ಸುಮ್ನೆ ಕೂತಲ್ಲೇ ಸೋರುತ್ತದೆ, ತಿಂಗಳಿಗೆ 20ರಿಂದ 30 ಶೇಕಡಾ ಹೋಗುವುದು ಸಹಜ, ಬಿಸಿಯಲ್ಲಿ ಇನ್ನೂ ಜಾಸ್ತಿ. ಹಾಗಾಗಿ ದಸರಾ ರಜೆ ಮುಗಿಸಿ ಬಂದಾಗ ಸ್ಪೇರ್ ಬ್ಯಾಟರಿ ಪೂರ್ತಿ ತುಂಬಿರಲ್ಲ. ಎರಡೇ ದಿನಕ್ಕೆ ಖಾಲಿ ಆದರೆ ಮಾತ್ರ ಚಿಂತೆ.

## ಕೆಲಸದ ಮಧ್ಯೆ ಕ್ರೇನ್ ತಾನೇ ನಿಲ್ಲುತ್ತದೆ

ಇಲ್ಲಿ ಆಪರೇಟರ್ ಹೇಳುವ ಒಂದು ಮಾತಿನ ಮೇಲೆ ಎಲ್ಲ ನಿಂತಿದೆ: ಕ್ರೇನ್ ನಿಂತಾಗ ಕೈಯಲ್ಲಿದ್ದ ರಿಮೋಟ್‌ನ ಲೈಟ್ ಏನಾಯಿತು?

ಲೈಟ್ ಆರಿಹೋಯಿತು ಅಂದರೆ ರಿಮೋಟ್‌ಗೆ ಪವರ್ ತಪ್ಪಿದೆ. ಬ್ಯಾಟರಿ ಅಥವಾ ಕಾಂಟ್ಯಾಕ್ಟ್. ಐಸೊಲೇಟರ್ ಆಫ್ ಮಾಡಿ, ರಿಮೋಟ್ ಆನ್ ಮಾಡಿ, ಅಂಗೈಯಲ್ಲಿ ಬ್ಯಾಟರಿ ಇರುವ ಕಡೆ ಮೆಲ್ಲಗೆ ತಟ್ಟಿ, ಬ್ಯಾಟರಿಯನ್ನು ಆಚೆ ಈಚೆ ಅಲ್ಲಾಡಿಸಿ. ಲೈಟ್ ಮಿಣುಕಿದರೆ ಕಳ್ಳ ಸಿಕ್ಕಿದ. ಪಿನ್ ಸ್ಪ್ರಿಂಗ್ ಸೋತಿದೆ ಅಥವಾ ಲಾಕ್ ಸವೆದಿದೆ. ಟೇಪ್ ಸುತ್ತಿದ್ದ ರಿಮೋಟ್‌ಗಳ ಕಥೆ ಇದೇ. ನಂಬರ್ 1 ಬ್ಯಾಟರಿ ಹಾಕಿದಾಗ ಮಾತ್ರ ಹೀಗಾಗಿ ನಂಬರ್ 2ಕ್ಕೆ ಆಗದಿದ್ದರೆ 1ರ ಕವಚ ಸವೆದಿದೆ. ಎರಡಕ್ಕೂ ಆದರೆ ರಿಮೋಟ್‌ನದೇ ತಪ್ಪು. ಬಹಳ ಜನ ಪೇಪರ್ ಮಡಿಚಿ ಸಂದಿಗೆ ತುರುಕುತ್ತಾರೆ. ದಯವಿಟ್ಟು ಬೇಡ. ಟನ್‌ಗಟ್ಟಲೆ ತೂಕವನ್ನು ಪೇಪರ್ ಚೂರಿನ ಭರವಸೆ ಮೇಲೆ ಎತ್ತುವ ಹಾಗಾಗುತ್ತದೆ. ಹೊಸ ಲಾಕ್, ಹೊಸ ಪಿನ್ ಸೆಟ್ ಬಿಡಿ ಭಾಗವಾಗಿ ಸಿಗುತ್ತವೆ, ಕೇಳಿ ತರಿಸಿ.

ಲೈಟ್ ಕೆಂಪಾಗಿ ಮಿಟುಕಿತು, ಬೀಪ್ ಬಂತು ಅಥವಾ ರಿಮೋಟ್ ನಡುಗಿತು, ಆಮೇಲೆ ಆಫ್ ಆಯಿತು ಅಂದರೆ ಅದು ಲೋ ಬ್ಯಾಟರಿ. ಎಚ್ಚರಿಕೆ ಕೊಟ್ಟು ಕೆಲವು ನಿಮಿಷ ಟೈಮ್ ಕೊಡುವುದೇ ಲೋಡ್ ಇಳಿಸಲಿ ಅಂತ. ಗ್ರೈಂಡಿಂಗ್ ಸದ್ದಿನಲ್ಲಿ ಬೀಪ್ ಕೇಳಲ್ಲ, ಆಪರೇಟರ್ ಲೋಡ್ ನೋಡುತ್ತಿರುತ್ತಾರೆಯೇ ಹೊರತು ರಿಮೋಟ್ ನೋಡಲ್ಲ. "ಇದ್ದಕ್ಕಿದ್ದ ಹಾಗೆ ನಿಂತಿತು" ಅನ್ನುವ ಮಾತಿನ ಹಿಂದೆ ಎಷ್ಟೋ ಸಲ ಹೀಗೆ ಕಣ್ಣಿಗೆ ಬೀಳದ ಎಚ್ಚರಿಕೆ ಇರುತ್ತದೆ.

ಲೈಟ್ ಹಸಿರಾಗಿಯೇ ಇತ್ತು, ಆದರೂ ಕ್ರೇನ್ ನಿಂತಿತು ಅಂದರೆ ಬ್ಯಾಟರಿಯನ್ನು ಬಿಟ್ಟುಬಿಡಿ. ಸಿಗ್ನಲ್ ತಪ್ಪುತ್ತಿರಬಹುದು, ಇಲ್ಲ ಮೇಲೆ ಪ್ಯಾನೆಲ್‌ನಲ್ಲಿ ಏನೋ ಬೀಳುತ್ತಿರಬಹುದು. 433 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಓಡುವ ರಿಮೋಟ್‌ಗಳು ಬಹಳ. ಶೆಡ್‌ನ ಪಕ್ಕದ ಸಾಲಿನಲ್ಲಿ (ಬೇ) ಅದೇ ಚಾನೆಲ್‌ನ ಇನ್ನೊಂದು ಕ್ರೇನ್ ಬಂದರೆ, ರಿಸೀವರ್ ಆಂಟೆನಾ ಸಡಿಲ ಆದರೆ, ಸಿಗ್ನಲ್‌ಗೆ ಪೆಟ್ಟು ಬೀಳುತ್ತದೆ. ಒಂದು ನಿರ್ದಿಷ್ಟ ಜಾಗದಲ್ಲೇ ನಿಲ್ಲುತ್ತಿದೆಯಾ, ಒಂದು ನಿರ್ದಿಷ್ಟ ವೆಲ್ಡಿಂಗ್ ಮೆಷಿನ್ ಓಡುವಾಗ ಮಾತ್ರವಾ ಅಂತ ಎರಡು ದಿನ ಬರೆದಿಟ್ಟುಕೊಂಡು ಸರ್ವಿಸ್‌ನವರಿಗೆ ಹೇಳಿ. ಜಾಗ ಯಾವುದೇ ಆದರೂ, ಹಾಯ್ಸ್ಟ್ (ಲೋಡ್ ಎತ್ತಿ ಇಳಿಸುವ ಭಾಗ) ಎತ್ತುವಾಗ ಮಾತ್ರ ನಿಂತರೆ ಅದು ಎಲೆಕ್ಟ್ರಿಷಿಯನ್ ನೋಡಬೇಕಾದ ಕೆಲಸ.

## ಚಾರ್ಜರ್ ಲೈಟ್ ವಿಚಿತ್ರವಾಗಿ ವರ್ತಿಸುತ್ತದೆ

ಖಾಲಿ ಬ್ಯಾಟರಿ ಹಾಕಿದ ಹತ್ತೇ ನಿಮಿಷಕ್ಕೆ ಹಸಿರು ಬಂದರೆ ಎರಡು ಅರ್ಥ. ಸೆಲ್ ಮುದಿಯಾಗಿ ವೋಲ್ಟೇಜ್ ಸರಕ್ಕನೆ ಏರುತ್ತಿದೆ, ಚಾರ್ಜರ್ ಫುಲ್ ಅಂದುಕೊಳ್ಳುತ್ತಿದೆ. ಇಲ್ಲ, ಚಾರ್ಜರ್ ಕಾಂಟ್ಯಾಕ್ಟ್ ಕೊಳೆಯಾಗಿದೆ. ಒರೆಸಿ ನೋಡಿ, ಇನ್ನೊಂದು ಬ್ಯಾಟರಿ ಹಾಕಿ ನೋಡಿ.

ದಿನಗಟ್ಟಲೆ ಹಾಕಿದರೂ ಹಸಿರು ಬರದೆ ಬ್ಯಾಟರಿ ಬಿಸಿ ಆಗುತ್ತಲೇ ಇದ್ದರೆ ತೆಗೆದುಬಿಡಿ. ಒಳಗೆ ಒಂದು ಸೆಲ್ ಶಾರ್ಟ್ ಆಗಿ, ಚಾರ್ಜರ್ ಕಾಯುವ ವೋಲ್ಟೇಜ್ ಯಾವತ್ತೂ ಬರದೇ ಇರಬಹುದು.

ಕೆಂಪು ಮಿಟುಕಿ ಚಾರ್ಜ್ ಶುರುವೇ ಆಗದಿದ್ದರೆ ಮೂರನೇ ಕಾಂಟ್ಯಾಕ್ಟ್ ನೋಡಿ. ಪ್ಲಸ್, ಮೈನಸ್ ಜೊತೆಗೆ ಇನ್ನೊಂದು ಪಟ್ಟಿ ಇರುವ ಪ್ಯಾಕ್‌ಗಳಲ್ಲಿ ಅದು ಬಹುತೇಕ ಒಳಗಿನ ಥರ್ಮಿಸ್ಟರ್‌ನದು, ಬಿಸಿ ಎಷ್ಟು ಅಂತ ಚಾರ್ಜರ್‌ಗೆ ತಿಳಿಸೋಕೆ. ಮೈನಸ್ ಮತ್ತು ಅದರ ನಡುವೆ ರೆಸಿಸ್ಟೆನ್ಸ್ ಅಳೆಯಿರಿ. ಎಷ್ಟೋ ಪ್ಯಾಕ್‌ಗಳಲ್ಲಿ 25 ಡಿಗ್ರಿಯಲ್ಲಿ 10 ಕಿಲೋಓಮ್ ಸುತ್ತಮುತ್ತ ಬರುತ್ತದೆ, ಕೈಯಲ್ಲಿ ಹಿಡಿದು ಬೆಚ್ಚಗೆ ಮಾಡಿದರೆ ಇಳಿಯುತ್ತದೆ. ಏನೂ ತೋರಿಸದಿದ್ದರೆ ಅದು ಕಡಿದಿದೆ. ಚಾರ್ಜರ್ ನಿರಾಕರಿಸಿದ್ದು ಸರಿಯೇ. ಅಲ್ಲಿಗೆ ಸುಮ್ನೆ ಒಂದು ರೆಸಿಸ್ಟರ್ ಬೆಸುಗೆ ಹಾಕಿ ಚಾರ್ಜರ್‌ಗೆ ಮೋಸ ಮಾಡುವವರನ್ನು ನೋಡಿದ್ದೇನೆ. ಬಿಸಿ ಆದರೆ ನಿಲ್ಲಿಸುವ ಒಂದೇ ದಾರಿಯನ್ನು ಮುಚ್ಚಿ, ರಾತ್ರಿ ಬೀಗ ಹಾಕಿಕೊಂಡು ಮನೆಗೆ ಹೋಗುವ ಕೆಲಸ ಅದು.

## ಊದಿದೆ, ಸೋರಿದೆ, ಮುಟ್ಟೋಕೆ ಆಗದಷ್ಟು ಬಿಸಿ

ಇಲ್ಲಿ ಪರೀಕ್ಷೆ ಇಲ್ಲ, ನಿಲ್ಲಿಸುವುದೇ ಕೆಲಸ.

ಲಿಥಿಯಂ ಪ್ಯಾಕ್ ಊದಿದ್ದರೆ ಚುಚ್ಚಬೇಡಿ, ಒತ್ತಿ ಕೂರಿಸಬೇಡಿ, ಇನ್ನೊಂದು ಸಲ ಚಾರ್ಜ್ ಮಾಡಬೇಡಿ. ಹೊರಗೆ ಸಿಮೆಂಟ್ ನೆಲದ ಮೇಲೆ, ಸುಡುವ ವಸ್ತು ಇಲ್ಲದ ಕಡೆ, ಮರಳು ತುಂಬಿದ ತಗಡಿನ ಡಬ್ಬದಲ್ಲಿ ಇಡಿ. ಆಗಲೇ ಹೊಗೆ ಬರುತ್ತಿದ್ದರೆ ಎತ್ತಿಕೊಂಡು ಓಡಬೇಡಿ. ಜನರನ್ನು ದೂರ ಕಳಿಸಿ, ಅಗ್ನಿಶಾಮಕದವರನ್ನು ಕರೆಯಿರಿ.

ನಿಕಲ್ ಪ್ಯಾಕ್ ಸೋರಿದರೆ ಬಿಳಿ ಪುಡಿ ಕಟ್ಟಿರುತ್ತದೆ. ಅದು ಕಾಸ್ಟಿಕ್ ಥರದ ಕ್ಷಾರ, ಬರಿಗೈಯಲ್ಲಿ ಮುಟ್ಟಬೇಡಿ. ಚರ್ಮಕ್ಕೆ ಬಿದ್ದರೆ ಧಾರಾಳವಾಗಿ ನೀರು ಹಾಕಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ಕಡೇ ಪಕ್ಷ 15 ನಿಮಿಷ ಹರಿಯುವ ನೀರು, ಆಮೇಲೆ ನೇರ ಆಸ್ಪತ್ರೆ.

ಸತ್ತ ಬ್ಯಾಟರಿ ಗುಜರಿಗೂ ಅಲ್ಲ, ಕಸದ ಗಾಡಿಗೂ ಅಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ಹಳೇ ಬ್ಯಾಟರಿ ವಾಪಸ್ ಪಡೆಯುವ ಹೊಣೆ ಮಾರುಕಟ್ಟೆಗೆ ತರುವ ಉತ್ಪಾದಕರ ಮೇಲಿದೆ. ಹೊಸದು ಕೊಳ್ಳುವಾಗಲೇ ಹಳೇದನ್ನು ಯಾರಿಗೆ ಕೊಡಬೇಕು ಅಂತ ಕೇಳಿ. ಅಲ್ಲಿವರೆಗೆ ಕಾಂಟ್ಯಾಕ್ಟ್‌ಗೆ ಟೇಪ್ ಅಂಟಿಸಿ ಇಡಿ. ನೋಡಿ, ಟೇಪ್ ಬೇಕಾದ ಜಾಗ ಇದು.

## ಹೊಸ ಬ್ಯಾಟರಿ ಹಾಕಿದರೂ ಅದೇ ಗೋಳು

ಮೊದಲು ಸ್ವಲ್ಪ ತಾಳ್ಮೆ. ಹೊಸ ನಿಕಲ್ ಪ್ಯಾಕ್ ಬಹಳ ತಿಂಗಳು ಗೋಡೌನ್‌ನಲ್ಲಿ ಮಲಗಿ ಬಂದಿರುತ್ತದೆ. ಪೂರ್ತಿ ಚಾರ್ಜ್, ಪೂರ್ತಿ ಬಳಕೆ, ಹೀಗೆ ಮೂರರಿಂದ ಐದು ಸುತ್ತು ಆದ ಮೇಲೆ ಅದರ ನಿಜವಾದ ಶಕ್ತಿ ಬರುತ್ತದೆ. ಮೊದಲ ದಿನವೇ ವಾಪಸ್ ಕಳಿಸಬೇಡಿ.

ಆಮೇಲೂ ಸರಿ ಹೋಗದಿದ್ದರೆ ಹಳೇದು, ಹೊಸದು ಪಕ್ಕ ಪಕ್ಕ ಇಟ್ಟು ನೋಡಿ. ವೋಲ್ಟೇಜ್ ಒಂದೇನಾ? ಕೆಮಿಸ್ಟ್ರಿ ಒಂದೇನಾ? ಇದರಲ್ಲಿ ಮೋಸ ಹೋಗುವ ಜಾಗ 7.2 ವೋಲ್ಟ್. ಆರು ನಿಕಲ್ ಸೆಲ್ ಸೇರಿದರೂ 7.2, ಎರಡು ಲಿಥಿಯಂ ಸೆಲ್ ಸೇರಿದರೂ 7.2 ಅಂತಲೇ ಕೆಲವರು ಬರೆಯುತ್ತಾರೆ. ಲಿಥಿಯಂ ಜೋಡಿ ಫುಲ್ ಆದಾಗ 8.4, ಅದಕ್ಕಿಂತ ಮೇಲೆ ಹೋಗಲೇಬಾರದು. ನಿಕಲ್ ಚಾರ್ಜರ್‌ಗೆ ಆ ಮಿತಿಯ ಗೊಡವೆ ಇಲ್ಲ. ಲಿಥಿಯಂ ಪ್ಯಾಕನ್ನು ನಿಕಲ್ ಚಾರ್ಜರ್‌ಗೆ ಹಾಕಿದರೆ ಬೆಂಕಿಗೆ ಆಹ್ವಾನ ಕೊಟ್ಟ ಹಾಗೆ. ಮೂರನೇ ಪಟ್ಟಿ ಇದೆಯಾ, ಪ್ಲಸ್ ಮೈನಸ್ ಅದೇ ಕಡೆ ಇವೆಯಾ, ತೋಡುಗಳು, ಎತ್ತರ ಅಷ್ಟೇ ಇವೆಯಾ ನೋಡಿ. ಅರ್ಧ ಮಿಲಿಮೀಟರ್ ಸಣ್ಣ ಇದ್ದರೂ ಅಲ್ಲಾಡುತ್ತದೆ, ಮತ್ತೆ ಟೇಪ್ ಬರುತ್ತದೆ.

ಎಂಎಎಚ್ ನಂಬರಿಗೆ ಮಾತ್ರ ಮರುಳಾಗಬೇಡಿ. ಒರಿಜಿನಲ್ 2000 ಇರುವಾಗ ಅದೇ ಗಾತ್ರದ, ಅದೇ ತೂಕದ, ಅರ್ಧ ಬೆಲೆಯ ಪ್ಯಾಕ್ ಮೇಲೆ ಅದರ ಎರಡರಷ್ಟು ನಂಬರು ಅಚ್ಚು ಹಾಕಿದ್ದರೆ ಸ್ಟಿಕ್ಕರ್‌ಗೆ ಖರ್ಚೇನು? ಮೇಲೆ ಹೇಳಿದ ರೆಸಿಸ್ಟರ್ ಪರೀಕ್ಷೆ ಇಲ್ಲಿ ಬಹಳ ಉಪಯೋಗ. ತಯಾರಾದ ತಿಂಗಳು, ವರ್ಷ ಕೇಳಿ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಗುರುತು, ಐಎಸ್ 16046 ನಂಬರು ಇದೆಯಾ ನೋಡಿ. ಬೇರೆ ಕಂಪನಿಯವರು ಮಾಡಿದ ಬದಲಿ ಪ್ಯಾಕ್ ಎಲ್ಲವೂ ಕೆಟ್ಟದ್ದಲ್ಲ, ಒಳ್ಳೆಯ ಸೆಲ್ ಹಾಕಿದ್ದು ವರ್ಷಗಟ್ಟಲೆ ಓಡುತ್ತದೆ. ಒಂದು ತರಿಸಿ ಅಳೆದು ನೋಡಿ, ಆಮೇಲೆ ಉಳಿದದ್ದಕ್ಕೆ ಆರ್ಡರ್ ಹಾಕಿ.

ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ಸೆಲ್ ತಂದು ಹಳೇ ಕವಚಕ್ಕೆ ತುಂಬಿಕೊಡುವವರೂ ಇದ್ದಾರೆ. ಸ್ಪಾಟ್ ವೆಲ್ಡಿಂಗ್ ಮಾಡಿ, ಎಲ್ಲ ಸೆಲ್ ಒಂದೇ ಸಲ ಬದಲಿಸಿ, ಥರ್ಮಿಸ್ಟರ್ ಮತ್ತು ಫ್ಯೂಸ್ ವಾಪಸ್ ಹಾಕುವವರಾದರೆ ನೋಡಬಹುದು. ಸೋಲ್ಡರಿಂಗ್ ಐರನ್ ಹಿಡಿದು ನೇರ ಸೆಲ್‌ಗೆ ಬೆಸುಗೆ ಹಾಕುವವರು, ಕೆಟ್ಟ ಒಂದನ್ನು ಮಾತ್ರ ಬದಲಿಸುತ್ತೇನೆ ಅನ್ನುವವರು, ಅಂಥವರಿಗೆ ಕೊಡಬೇಡಿ. ನಾಲ್ಕು ಹಳೇ ಸೆಲ್ ಮಧ್ಯೆ ಒಂದು ಹೊಸದು ಇದ್ದರೆ ಹಳೇದು ಬೇಗ ಖಾಲಿಯಾಗಿ ಉಲ್ಟಾ ಚಾರ್ಜ್ ಆಗಿ ಸಾಯುತ್ತದೆ.

## ಪೆನ್ಸಿಲ್ ಸೆಲ್ ಹಾಕುವ ಸಣ್ಣ ರಿಮೋಟ್

ಎರಡು ಡಬಲ್ ಎ ಸೆಲ್ ಹಾಕುವ ಹಳದಿ ಬಟನ್ ರಿಮೋಟ್ ನಮ್ಮ ಕಡೆ ಸಣ್ಣ ಹಾಯ್ಸ್ಟ್‌ಗಳಿಗೆ ತುಂಬಾ ಬಳಕೆಯಲ್ಲಿದೆ. ಅದಕ್ಕೆ ರೀಚಾರ್ಜ್ ಸೆಲ್ ಹಾಕಿದರೆ 3 ವೋಲ್ಟ್ ಬದಲು 2.4 ಸಿಗುತ್ತದೆ. ಹಾಗಾಗಿ ಅರ್ಧ ಚಾರ್ಜ್ ಇರುವಾಗಲೇ ಲೋ ಬ್ಯಾಟರಿ ಲೈಟ್ ಬರಬಹುದು, ಅದು ಸೆಲ್ ತಪ್ಪಲ್ಲ. ಮ್ಯಾನ್ಯುಯಲ್‌ನಲ್ಲಿ ಒಪ್ಪಿದ್ದರೆ ಮಾತ್ರ ಹಾಕಿ. ಆಲ್ಕಲೈನ್ ಸೆಲ್ ಆದರೆ ಚಾರ್ಜರ್ ಹತ್ತಿರವೂ ತರಬೇಡಿ. ಹೊಸದು, ಹಳೇದು ಬೆರೆಸಬೇಡಿ.

## ಇನ್ನು ಸರ್ವಿಸ್‌ನವರನ್ನು ಕರೆಯಲೇಬೇಕು

ಬಟನ್ ಬಿಟ್ಟ ಮೇಲೂ ಕ್ರೇನ್ ಓಡುತ್ತಿದೆ. ಎಮರ್ಜೆನ್ಸಿ ಒತ್ತಿದರೂ ಮೇನ್ ಕಾಂಟ್ಯಾಕ್ಟರ್ ಬೀಳಲ್ಲ. ಬ್ಯಾಟರಿ ಕಿತ್ತರೂ ಕ್ರೇನ್ ನಿಲ್ಲಲ್ಲ. ಅಪ್ ಒತ್ತಿದರೆ ಬೇರೇನೋ ಆಗುತ್ತದೆ. ನಿಂತಾಗ ಲೋಡ್ ಜಾರುತ್ತದೆ. ಇದರಲ್ಲಿ ಒಂದು ಕಂಡರೂ ಕ್ರೇನ್ ಬಂದ್ ಮಾಡಿ ಐಸೊಲೇಟರ್‌ಗೆ ಬೀಗ ಹಾಕಿ. ಇವು ಯಾವುವೂ ಬ್ಯಾಟರಿ ದೋಷ ಅಲ್ಲ, ಬ್ಯಾಟರಿ ಬದಲಿಸಿ ನೋಡೋಣ ಅನ್ನುವ ಮಾತೇ ಬೇಡ. ರಿಮೋಟ್ ಒಳಗೆ ನೀರು ಹೋಗಿದ್ದರೂ, ಎತ್ತರದಿಂದ ಬಿದ್ದು ಕವಚ ಸೀಳಿದ್ದರೂ ಬಿಚ್ಚದೆ ಕಳಿಸಿ. ವರ್ಷಕ್ಕೊಮ್ಮೆ ಕಾಂಪಿಟೆಂಟ್ ಪರ್ಸನ್ (ಪರೀಕ್ಷೆಗೆ ಅಧಿಕಾರ ಪಡೆದ ತಜ್ಞರು) ಬಂದು ಕ್ರೇನ್ ಪರೀಕ್ಷೆ ಮಾಡುವ ಪದ್ಧತಿ 1948ರ ಫ್ಯಾಕ್ಟರಿ ಕಾಯ್ದೆಯ ಕಾಲದಿಂದ ಇದೆ. ಅವರು ಬಂದಾಗ ರಿಮೋಟನ್ನೂ ಕೈಗೆ ಕೊಡಿ, ಬರೀ ಹುಕ್ಕು, ರೋಪು ತೋರಿಸಿ ಕಳಿಸಬೇಡಿ.

ಫೋನ್ ಮಾಡುವಾಗ "ರಿಮೋಟ್ ವರ್ಕ್ ಆಗ್ತಿಲ್ಲ" ಅಂದರೆ ಅವರು ಬರೀ ಕೈಯಲ್ಲಿ ಬರುತ್ತಾರೆ, ನೋಡಿ ಹೋಗಿ ಇನ್ನೊಂದು ದಿನ ಬರುತ್ತಾರೆ. ಅದರ ಬದಲು ಇಷ್ಟು ಹೇಳಿ: ರಿಮೋಟ್ ಹಿಂದಿನ ಪ್ಲೇಟ್‌ನ ಮಾಡೆಲ್, ಸೀರಿಯಲ್ ನಂಬರು. ಬ್ಯಾಟರಿ ಮೇಲಿನ ಪಾರ್ಟ್ ನಂಬರು, ವೋಲ್ಟೇಜ್. ಚಾರ್ಜ್ ಆದ ಕೂಡಲೇ ಎಷ್ಟು ವೋಲ್ಟ್, ಕೈ ಕೊಟ್ಟಾಗ ಎಷ್ಟು. ನಿಂತಾಗ ಲೈಟ್ ಯಾವ ಬಣ್ಣ, ಎಷ್ಟು ಸಲ ಮಿಟುಕಿತು. ಬ್ಯಾಟರಿ 1ಕ್ಕೂ 2ಕ್ಕೂ ಹಾಗೇ ಆಗುತ್ತದಾ. ಲೈಟ್ ಮಿಟುಕುವುದನ್ನು ಮೊಬೈಲ್‌ನಲ್ಲಿ ವಿಡಿಯೋ ಮಾಡಿ ಕಳಿಸಿದರೆ ಇನ್ನೂ ಒಳ್ಳೆಯದು, ಎಷ್ಟೋ ಸಲ ಅದನ್ನು ನೋಡಿಯೇ ಯಾವ ಬಿಡಿ ಭಾಗ ತರಬೇಕು ಅಂತ ಅವರು ಹೇಳಿಬಿಡುತ್ತಾರೆ.